ಸೆಂಟರ್ ಸ್ಟ್ಯಾಂಡ್ ಇಲ್ಲದ ಬೈಕ್‌ನ ಚಕ್ರ ಎತ್ತುವ ಕೆಲಸ: ಇಲ್ಲಿಯವರೆಗೆ ಆಗಿದ್ದಿಷ್ಟು

ಬೈಕ್: ಕೆಟಿಎಂ ಡ್ಯೂಕ್ 200, ಹಳೆಯ ಮಾದರಿ. ಊರು: ಶಿವಮೊಗ್ಗ. ಗುರಿ: ಮನೆ ಪೋರ್ಟಿಕೋದಲ್ಲೇ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಚೈನ್, ರಿಮ್, ಟೈರ್ ಎಲ್ಲ ತೊಳೆಯುವ ಹಾಗೆ ಆಗಬೇಕು. ಆಯುಧಪೂಜೆಯ ಹೊತ್ತಿಗೆ ಪೂರ್ತಿ ತಯಾರಾಗಬೇಕು.

ಮೇ ಕೊನೆ

ಸ್ಪ್ಲೆಂಡರ್, ಶೈನ್ ತರಹದ ಬೈಕ್‌ಗಳಿಗೆ ಸೆಂಟರ್ ಸ್ಟ್ಯಾಂಡ್ ಇರುತ್ತದೆ. ಕಾಲಲ್ಲಿ ಒತ್ತಿ ಹಿಂದಕ್ಕೆ ಎಳೆದರೆ ಹಿಂದಿನ ಚಕ್ರ ಮೇಲೇಳುತ್ತದೆ, ಕೆಲಸ ಮುಗೀತು. ಡ್ಯೂಕ್‌ಗೆ ಇರುವುದು ಸೈಡ್ ಸ್ಟ್ಯಾಂಡ್ ಒಂದೇ. ಚೈನ್ ಒರೆಸಬೇಕೆಂದರೆ ಒಂದು ಗೇಣು ಒರೆಸು, ಬೈಕ್ ಮುಂದಕ್ಕೆ ತಳ್ಳು, ಮತ್ತೆ ಒರೆಸು. ನಮ್ಮ ಪೋರ್ಟಿಕೋದಲ್ಲಿ ಇಡೀ ಚೈನ್ ಒಂದು ಸುತ್ತು ಬರುವಷ್ಟು ತಳ್ಳಲು ಜಾಗವೂ ಇಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸ ಬಿಟ್ಟರೆ ಆಗುವುದಿಲ್ಲ. ತೀರ್ಥಹಳ್ಳಿ ಕಡೆ ಒಂದು ಸುತ್ತು ಹೋಗಿ ಬಂದರೆ ಕೆಂಪು ಮಣ್ಣು ಚೈನ್‌ಗೆ ಮೆತ್ತಿರುತ್ತದೆ. ಅದರಲ್ಲಿರುವ ಸಣ್ಣ ಮರಳು ಹಳೆಯ ಎಣ್ಣೆ ಜೊತೆ ಸೇರಿ ಸ್ಪ್ರಾಕೆಟ್‌ನ, ಅಂದರೆ ಚೈನ್ ಕೂರುವ ಹಲ್ಲುಚಕ್ರದ, ಹಲ್ಲನ್ನು ಅರೆಯುತ್ತಾ ಹೋಗುತ್ತದೆ. ಈ ಚೈನ್‌ನ ಪ್ರತಿ ಕೊಂಡಿಯಲ್ಲೂ ಪುಟ್ಟ ರಬ್ಬರ್ ರಿಂಗ್ ಇದೆ. ಒಳಗಿನ ಗ್ರೀಸ್ ಹೊರಗೆ ಬಾರದಂತೆ, ಹೊರಗಿನ ನೀರು ಒಳಗೆ ಹೋಗದಂತೆ ತಡೆಯುವುದು ಅದೇ. ರಿಂಗ್ ಸವೆದರೆ ಆ ಕೊಂಡಿಗೆ ಮತ್ತೆ ಗ್ರೀಸ್ ತುಂಬಲು ದಾರಿ ಇಲ್ಲ.

ಬೈಕ್ ಎತ್ತಲು ಜನ ಮಾಡುವ ಉಪಾಯಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಕಾರ್ ಜಾಕ್ ಮೊದಲು. ಡ್ಯೂಕ್‌ನ ಹೊಟ್ಟೆಯಡಿ ಸೈಲೆನ್ಸರ್ ಡಬ್ಬಿ ಇದೆ, ಅದು ಭಾರ ಹೊರುವ ಭಾಗ ಅಲ್ಲ. ಬೇರೆ ಬೈಕ್‌ಗಳಲ್ಲೂ ಎಂಜಿನ್ ಕೆಳಗೆ ಜಾಕ್ ಕೊಟ್ಟರೆ ಆಯಿಲ್ ಡ್ರೈನ್ ನಟ್ಟಿನ ಸುತ್ತ ಅಲ್ಯೂಮಿನಿಯಂ ಬಿರುಕು ಬಿಡಬಹುದು. ಜಾಕ್‌ನ ತಲೆ ಅಂಗೈಯಷ್ಟು ಅಗಲ. ಅದರ ಮೇಲೆ ಬೈಕ್ ಪಕ್ಕಕ್ಕೆ ವಾಲಿದರೆ ಹಿಡಿಯುವುದು ಯಾವುದು?

ಇನ್ನೊಂದು, ರಸ್ತೆ ಬದಿ ಪಂಕ್ಚರ್ ಅಂಗಡಿಯಲ್ಲಿ ಕಾಣುವ ಪದ್ಧತಿ. ಬೈಕನ್ನು ಸೈಡ್ ಸ್ಟ್ಯಾಂಡ್ ಮೇಲೆ ಜಾಸ್ತಿ ವಾಲಿಸಿ, ಬಲಗಡೆ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಕೆಳಗೆ ಕಲ್ಲೋ ಕಟ್ಟಿಗೆಯೋ ಕೊಡುವುದು. ದಿನಾ ಮಾಡುವ ಕೈಗೆ ಅದು ಒಗ್ಗಿರುತ್ತದೆ, ಪಕ್ಕದಲ್ಲಿ ಇನ್ನೊಬ್ಬ ಹಿಡಿದೂ ಇರುತ್ತಾನೆ. ಮನೆಯಲ್ಲಿ ಒಬ್ಬರೇ ಕೂತು ಚೈನ್ ಉಜ್ಜುವಾಗ ಅದು ಬೇಡ. ಬೈಕ್‌ನ ಭಾರದ ದೊಡ್ಡ ಪಾಲು ಆ ಸಣ್ಣ ಸೈಡ್ ಸ್ಟ್ಯಾಂಡ್‌ನ ಬೋಲ್ಟಿಗೆ ಬೀಳುತ್ತದೆ. ಇನ್ನು ಟೊಳ್ಳು ಸಿಮೆಂಟ್ ಬ್ಲಾಕ್ ಇಡುವವರಿಗೆ ಒಂದು ಮಾತು. ಅದು ಗೋಡೆಯಲ್ಲಿ ಸಮನಾದ ಭಾರ ಹೊರಲು ಮಾಡಿದ ವಸ್ತು. ಒಂದೇ ಬಿಂದುವಿನಲ್ಲಿ ಕಬ್ಬಿಣ ಒತ್ತಿದರೆ ಸೂಚನೆ ಕೊಡದೆ ಒಡೆಯುತ್ತದೆ.

ಚಕ್ರದ ಕೆಳಗಿಡುವ ರೋಲರ್ ಪಟ್ಟಿ ಒಳ್ಳೆಯ ವಸ್ತು. ಬೈಕ್ ಏಳುವುದೇ ಇಲ್ಲ, ಚಕ್ರ ರೋಲರ್ ಮೇಲೆ ನಿಂತಲ್ಲೇ ತಿರುಗುತ್ತದೆ. ಚೈನ್ ಒರೆಸುವುದಷ್ಟೇ ಆದರೆ ಅದು ಸಾಕು. ನನಗೆ ಬೇರಿಂಗ್, ಬ್ರೇಕ್ ಕೂಡ ನೋಡಬೇಕಿತ್ತು. ಹಾಗಾಗಿ ಪ್ಯಾಡಾಕ್ ಸ್ಟ್ಯಾಂಡ್, ಅಂದರೆ ಹಿಂದಿನಿಂದ ಕೊಕ್ಕೆ ಹಾಕಿ ಹಿಡಿ ಒತ್ತಿ ಚಕ್ರ ಎತ್ತುವ ಸ್ಟ್ಯಾಂಡ್, ಮಾಡಿಸುವುದು ಅಂತ ತೀರ್ಮಾನವಾಯಿತು.

ಜೂನ್

ಸ್ಟ್ಯಾಂಡ್‌ಗಿಂತ ಮೊದಲು ನೆಲ. ಪೋರ್ಟಿಕೋದಲ್ಲಿ ಒಂದು ಗೋಲಿ ಇಟ್ಟೆ. ಸೀದಾ ಗೇಟ್ ಕಡೆ ಉರುಳಿತು. ಮಳೆ ನೀರು ಹರಿದು ಹೋಗಲೆಂದು ಎಲ್ಲ ಮನೆಯಲ್ಲೂ ಹೀಗೆ ವಾಟ ಕೊಟ್ಟಿರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ, ಚಕ್ರಕ್ಕೆ ಗೊತ್ತಾಗುತ್ತದೆ.

ಇದು ಯಾಕೆ ಮುಖ್ಯ ಅಂದರೆ, ಪ್ಯಾಡಾಕ್ ಸ್ಟ್ಯಾಂಡ್ ಮೇಲಿನ ಬೈಕ್‌ಗೆ ದೊಡ್ಡ ಅಪಾಯ ಮುಂದಕ್ಕೆ ಉರುಳುವುದು. ಮುಂದಕ್ಕೆ ಹೋದರೆ ಸ್ಟ್ಯಾಂಡ್‌ನ ಹಿಡಿ ಮೇಲಕ್ಕೆದ್ದು ಹಿಂದಿನ ಚಕ್ರ ಧಪ್ಪನೆ ಕೆಳಗಿಳಿಯುತ್ತದೆ. ಆಗ ಬೈಕ್ ಯಾವ ಕಡೆಗೆ ಬೇಕಾದರೂ ಬೀಳಬಹುದು. ಅದಕ್ಕೇ ಬೈಕ್‌ನ ಮುಖ ಏರಿನ ಕಡೆಗೆ, ಅಂದರೆ ನಮ್ಮಲ್ಲಿ ಮನೆ ಬಾಗಿಲ ಕಡೆಗೆ ಇರಬೇಕು. ಗೇಟ್ ಕಡೆ ಮುಖ ಮಾಡಿ ನಿಲ್ಲಿಸಿ ಎತ್ತಬಾರದು.

ಪಾರ್ಕಿಂಗ್ ಟೈಲ್ಸ್‌ನ ಗೀರುಗಳಲ್ಲಿ ಸ್ಟ್ಯಾಂಡ್‌ನ ಸಣ್ಣ ಚಕ್ರ ಸಿಕ್ಕಿಕೊಳ್ಳುತ್ತದೆ. ಒದ್ದೆಯಾದರೆ ಜಾರುತ್ತದೆ ಕೂಡ. ಮೂಲೆಯಲ್ಲಿ ಟೈಲ್ಸ್ ಹಾಕದ ಸಿಮೆಂಟ್ ನೆಲ ಒಂದಿಷ್ಟಿದೆ. ಕೆಲಸದ ಜಾಗ ಅದೇ ಅಂತ ಗುರುತು ಹಾಕಿದೆ.

ಜುಲೈ

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಒಬ್ಬರು ವೆಲ್ಡಿಂಗ್ ಅಣ್ಣ ಇದ್ದಾರೆ. ಅವರ ಹತ್ತಿರ ಪೈಪ್ ಬಗ್ಗಿಸುವ ಮಷೀನ್ ಇದೆ. ಒಂದೂಕಾಲು ಇಂಚಿನ ಎಂ.ಎಸ್. (ಮೈಲ್ಡ್ ಸ್ಟೀಲ್) ಪೈಪ್, 14 ಗೇಜ್, ಅಂದರೆ ಸುಮಾರು 2 ಮಿ.ಮೀ. ದಪ್ಪದ್ದು ತೆಗೆದುಕೊಂಡೆವು. ಆಕಾರ ಸರಳ. ಬೈಕ್‌ನ ಹಿಂದಿನಿಂದ ಎರಡು ತೋಳು, ತುದಿಯಲ್ಲಿ ಕೊಕ್ಕೆ, ತೋಳಿನ ಕೆಳಗೆ ಎರಡು ಚಕ್ರ, ಹಿಂದೆ ಉದ್ದನೆಯ ಹಿಡಿ.

ಡ್ಯೂಕ್‌ನ ಸ್ವಿಂಗ್ ಆರ್ಮ್‌ನಲ್ಲಿ ಎರಡೂ ಕಡೆ ಥ್ರೆಡ್ ಇರುವ ತೂತು ಇದೆ. ಅದಕ್ಕೆ ಬಾಬಿನ್, ಅಂದರೆ ನೂಲಿನ ಉರುಳೆಯಂಥ ಗುಂಡಿ, ತಿರುಗಿಸಿದರೆ ಕೊಕ್ಕೆ ಅದರ ಮೇಲೆ ಕೂರುತ್ತದೆ. ಬಾಬಿನ್‌ನ ಬೋಲ್ಟ್ ಅಳತೆ ಬೈಕಿಂದ ಬೈಕಿಗೆ ಬೇರೆ. ಅಂಗಡಿಗೆ ಬೈಕನ್ನೇ ತೆಗೆದುಕೊಂಡು ಹೋಗಿ, ಕೈಯಲ್ಲೇ ಸಲೀಸಾಗಿ ಪೂರ್ತಿ ಒಳಗೆ ಹೋಗುವುದನ್ನು ನೋಡಿ ಕೊಳ್ಳಿ. ಅರ್ಧಕ್ಕೆ ಬಿಗಿಯಾದರೆ ಸ್ಪ್ಯಾನರ್ ಹಾಕಿ ತಿರುಗಿಸಬೇಡಿ. ಸ್ವಿಂಗ್ ಆರ್ಮ್‌ನ ಥ್ರೆಡ್ ಹೋದರೆ ಸಣ್ಣ ಖರ್ಚಲ್ಲ. ಇಂಥ ತೂತು ಇಲ್ಲದ ಬೈಕ್‌ಗಳಿಗೆ ಸ್ವಿಂಗ್ ಆರ್ಮ್ ಅಡಿಗೆ ಕೂರುವ ರಬ್ಬರ್ ಪ್ಯಾಡ್‌ನ ಸ್ಟ್ಯಾಂಡ್ ಸಿಗುತ್ತದೆ.

ಅಣ್ಣ ತಿರುಗುವ ಚಕ್ರ ತೆಗೆದಿಟ್ಟಿದ್ದರು, ಟ್ರಾಲಿಗೆ ಹಾಕುವಂಥದ್ದು.

"ಅಣ್ಣ, ಇದು ಬೇಡ. ಸೀದಾ ಓಡೋ ನೈಲಾನ್ ಚಕ್ರ ಹಾಕಿ."

"ಯಾಕೆ ಸರ್? ತಿರುಗಿದ್ರೆ ಓಡಾಡ್ಸೋಕೆ ಸುಲಭ ಅಲ್ವಾ?"

"ಓಡಾಡ್ಸೋದೇ ಬೇಡ. ಅಲ್ಲೇ ನಿಲ್ಬೇಕು."

ಅವರಿಗೆ ತಕ್ಷಣ ಅರ್ಥವಾಯಿತು. ಎರಡು ಚಕ್ರಗಳನ್ನು ಕೊಕ್ಕೆಗಳಿಗಿಂತ ಹೊರಗೆ, ಒಂದೊಂದು ಕಡೆ ನಾಲ್ಕು ಬೆರಳು ಜಾಸ್ತಿ ಅಗಲಕ್ಕೆ ಅವರೇ ಸರಿಸಿಕೊಟ್ಟರು. ಅಡಿಪಾಯ ಅಗಲವಾದಷ್ಟೂ ಪಕ್ಕಕ್ಕೆ ವಾಲುವುದು ಕಡಿಮೆ.

ಇಡೀ ಸ್ಟ್ಯಾಂಡ್‌ನಲ್ಲಿ ನಾವು ಜಾಸ್ತಿ ಹೊತ್ತು ಕಳೆದದ್ದು ಒಂದೇ ಅಳತೆಗೆ. ಹಿಡಿಯನ್ನು ಪೂರ್ತಿ ನೆಲಕ್ಕೆ ಒತ್ತಿದಾಗ, ಬಾಬಿನ್ ಕೂರುವ ಜಾಗ ಸ್ಟ್ಯಾಂಡ್ ಚಕ್ರದ ಆಕ್ಸಲ್‌ಗೆ ಸರಿಯಾಗಿ ಮೇಲೆ ಇದ್ದರೆ ಸಾಲದು. ಅದನ್ನು ದಾಟಿ ಸ್ವಲ್ಪ ಹಿಡಿಯ ಕಡೆಗೆ ಬಂದಿರಬೇಕು. ಆಗ ಬೈಕ್‌ನ ಭಾರವೇ ಹಿಡಿಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ದಾಟದಿದ್ದರೆ ಅದೇ ಭಾರ ಹಿಡಿಯನ್ನು ಮೇಲಕ್ಕೆ ಎಸೆಯುತ್ತದೆ. ಅಗ್ಗದ ಸ್ಟ್ಯಾಂಡ್ ಕೊಳ್ಳುವವರೂ ಇದನ್ನು ನೋಡಿಯೇ ಕೊಳ್ಳಬೇಕು. ಬಣ್ಣ, ಸ್ಟಿಕ್ಕರ್ ಎಲ್ಲ ಆಮೇಲೆ. ನಾವು ಪೈಪನ್ನು ಪೂರ್ತಿ ಬೆಸೆಯದೆ ಬರೀ ಟಾಕಿ ಹಾಕಿ ನಿಲ್ಲಿಸಿ, ದಾರಕ್ಕೆ ನಟ್ ಕಟ್ಟಿ ತೂಗುಗುಂಡಿನ ಹಾಗೆ ಇಳಿಬಿಟ್ಟು ನೋಡಿದೆವು. ದಾರ ಆಕ್ಸಲ್‌ನಿಂದ ಎರಡು ಬೆರಳು ಹಿಂದಕ್ಕೆ ಬಿದ್ದ ಮೇಲೆಯೇ ಪೂರ್ತಿ ವೆಲ್ಡ್ ಮಾಡಿದ್ದು.

ಬೈಕ್ ಪೆಟ್ರೋಲ್ ಸೇರಿ 140 ಕೆ.ಜಿ. ಆಸುಪಾಸು. ಹಿಂದಿನ ಚಕ್ರ ಎತ್ತುವಾಗ ಸ್ಟ್ಯಾಂಡ್ ಮೇಲೆ ಬೀಳುವುದು ಹೆಚ್ಚುಕಡಿಮೆ ಅದರ ಅರ್ಧ. ಹಿಡಿಯ ಉದ್ದ ಕೊಕ್ಕೆ ಕಡೆಯ ಉದ್ದಕ್ಕಿಂತ ನಾಲ್ಕೈದು ಪಟ್ಟು ಇದ್ದರೆ 14ರಿಂದ 18 ಕೆ.ಜಿ. ಒತ್ತಡಕ್ಕೆ ಬೈಕ್ ಏಳುತ್ತದೆ. ನಮ್ಮ ಅಮ್ಮನೂ ಒತ್ತಬಹುದು.

ಬಣ್ಣಕ್ಕೆ ಮುಂಚೆ ಪರೀಕ್ಷೆ. ಕೊಕ್ಕೆಗಳ ಮೇಲೆ ಹಲಗೆ ಕಟ್ಟಿ, 50 ಕೆ.ಜಿ.ಯ ಎರಡು ಸಿಮೆಂಟ್ ಮೂಟೆ ಇಟ್ಟು ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಕೊಕ್ಕೆಗಳ ನಡುವಿನ ಅಳತೆ ಟೇಪ್ ಹಿಡಿದು ನೋಡಿದರೆ ಹಿಂದಿನ ದಿನದಷ್ಟೇ ಇತ್ತು. ವೆಲ್ಡಿಂಗ್ ಮೇಲಿನ ಕಪ್ಪು ಕಿಟ್ಟವನ್ನು ಸುತ್ತಿಗೆಯಲ್ಲಿ ತಟ್ಟಿ ಉದುರಿಸಿ, ಸೂಜಿಮೊನೆಯಷ್ಟು ತೂತು ಎಲ್ಲಾದರೂ ಇದೆಯಾ ಅಂತ ಟಾರ್ಚ್ ಹಾಕಿ ನೋಡಿದೆವು. ಒಂದು ಮೂಲೆಗೆ ಇನ್ನೊಂದು ಸಾಲು ಹೊಡೆಸಿದೆ. ಆಮೇಲೆ ರೆಡ್ ಆಕ್ಸೈಡ್, ಅದರ ಮೇಲೆ ಕಪ್ಪು ಬಣ್ಣ.

ಆಗಸ್ಟ್

ಈಗ ಎತ್ತುವ ಕ್ರಮ ಒಂದು ಹದಕ್ಕೆ ಬಂದಿದೆ. ನನ್ನ ತಮ್ಮ ಎಡಗಡೆ ನಿಂತು ಹ್ಯಾಂಡಲ್ ಹಿಡಿಯುತ್ತಾನೆ. ಸೈಡ್ ಸ್ಟ್ಯಾಂಡ್ ಕೆಳಗೇ ಇರುತ್ತದೆ, ಅದನ್ನು ಯಾವ ಹೊತ್ತಿಗೂ ಮಡಚುವುದಿಲ್ಲ. ಗೇರ್ ನ್ಯೂಟ್ರಲ್. ಕೀ ನನ್ನ ಜೇಬಿನಲ್ಲಿ. ಅವನು ಬೈಕನ್ನು ನೆಟ್ಟಗೆ ಮಾಡಿದ ಮೇಲೆ ನಾನು ಎರಡೂ ಕೊಕ್ಕೆ ಬಾಬಿನ್ ಅಡಿಗೆ ಕೂತಿದೆಯಾ ಅಂತ ಬಗ್ಗಿ ನೋಡುತ್ತೇನೆ. ಎಡಗಡೆಯದು ನೋಡಿ ಬಲಗಡೆಯದು ಸರಿ ಇರಬಹುದು ಅಂದುಕೊಳ್ಳಬಾರದು, ಎದ್ದು ಹೋಗಿ ನೋಡಲೇಬೇಕು. ಆಮೇಲೆ ಹಿಡಿಯನ್ನು ಒಂದೇ ಸಮನೆ, ಎಳೆದಾಡದೆ ಒತ್ತುತ್ತೇನೆ. ಬೈಕ್ ಸ್ವಲ್ಪ ಹಿಂದಕ್ಕೆ ಬರುತ್ತದೆ. ಅದು ಸಹಜ, ತಮ್ಮನಿಗೆ ಮೊದಲೇ ಹೇಳಿಟ್ಟಿದ್ದೇನೆ.

ಎದ್ದ ಕೂಡಲೇ ಮುಂದಿನ ಬ್ರೇಕ್ ಲಿವರ್ ಎಳೆದು ಹಳೆಯ ಸೈಕಲ್ ಟ್ಯೂಬ್‌ನ ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತೇನೆ. ಮುಂದಿನ ಟೈರ್‌ನ ಮುಂದೆ ಮರದ ಬೆಣೆ. ಇಷ್ಟಾದ ಮೇಲೆ ಸೀಟಿನ ಹಿಂಭಾಗ ಹಿಡಿದು ಮೆಲ್ಲಗೆ ಅಲುಗಾಡಿಸಿ ನೋಡಿ, ಆಮೇಲೆಯೇ ಕೆಳಗೆ ಕೂರುವುದು. ಟೈರ್ ನೆಲದಿಂದ ಎರಡು ಬೆರಳು ಎದ್ದರೆ ಸಾಕು. ಅದಕ್ಕಿಂತ ಎತ್ತರ ಯಾವ ಕೆಲಸಕ್ಕೂ ಬೇಕಿಲ್ಲ.

ಚೈನ್ ಬಿಗಿ ಸರಿಮಾಡುವುದಿದ್ದರೆ ಹಿಂದಿನ ಆಕ್ಸಲ್ ನಟ್ಟನ್ನು ಎತ್ತುವ ಮೊದಲೇ ಸಡಿಲಿಸಿಕೊಳ್ಳಬೇಕು, ಬೈಕ್ ಇಳಿಸಿದ ಮೇಲೆ ಪೂರ್ತಿ ಬಿಗಿ ಮಾಡಬೇಕು. ಸ್ಟ್ಯಾಂಡ್ ಮೇಲಿದ್ದಾಗ ಉದ್ದನೆಯ ಸ್ಪ್ಯಾನರ್ ಹಾಕಿ ಜಗ್ಗಿದರೆ ಬೈಕೇ ಕೊಕ್ಕೆಯಿಂದ ಜಾರಬಹುದು.

ಈಗ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬೈಕ್ ಎತ್ತಿ, ಎಂಜಿನ್ ಸ್ಟಾರ್ಟ್ ಮಾಡಿ, ಫಸ್ಟ್ ಗೇರ್ ಹಾಕಿ, ಓಡುವ ಚೈನ್‌ಗೆ ಬಟ್ಟೆ ಹಿಡಿಯುವವರು ಇದ್ದಾರೆ. ದಯವಿಟ್ಟು ಬೇಡ. ಬಟ್ಟೆಯ ಒಂದು ಎಳೆ ಸ್ಪ್ರಾಕೆಟ್‌ಗೆ ಸಿಕ್ಕರೆ ಕೈ ಹಿಂದಕ್ಕೆ ಎಳೆದುಕೊಳ್ಳುವ ಮೊದಲೇ ಬೆರಳು ಒಳಗೆ ಹೋಗಿರುತ್ತದೆ. ಐಡಲ್‌ನಲ್ಲಿ ನಿಧಾನ ತಿರುಗುತ್ತಿದ್ದರೂ ಎಂಜಿನ್‌ಗೆ ಬೆರಳು ತಡೆಯಲ್ಲ. ಚಕ್ರವನ್ನು ಕೈಯಲ್ಲೇ ತಿರುಗಿಸಿ, ಅದೂ ಹಿಮ್ಮುಖವಾಗಿ. ಹಿಂದಿನ ಸ್ಪ್ರಾಕೆಟ್ ಹತ್ತಿರ, ಕೆಳಗಿನ ಸಾಲಿಗೆ ಬಟ್ಟೆ ಹಿಡಿದರೆ ಚೈನ್ ಸ್ಪ್ರಾಕೆಟ್‌ನಿಂದ ದೂರ ಓಡುತ್ತದೆ. ಕೈ ಹಲ್ಲಿನ ಕಡೆಗೆ ಹೋಗುವ ಪ್ರಶ್ನೆಯೇ ಬರುವುದಿಲ್ಲ.

ಉಜ್ಜಲು ಹಳೆಯ ಟೂತ್ ಬ್ರಷ್ ಸಾಕು. ತಂತಿ ಬ್ರಷ್ ರಬ್ಬರ್ ರಿಂಗನ್ನು ಕೀಳುತ್ತದೆ. ಪೆಟ್ರೋಲ್ ರಿಂಗನ್ನು ಹಾಳುಮಾಡುತ್ತದೆ, ಮೇಲಿಂದ ಬೆಂಕಿಯ ಭಯ. ನಾನು ಬಳಸುವುದು ಸೀಮೆಎಣ್ಣೆ, ಸಿಗದಿದ್ದರೆ ರಬ್ಬರ್ ರಿಂಗ್ ಚೈನ್‌ಗೆ ಆಗುತ್ತದೆ ಎಂದು ಬರೆದಿರುವ ಕ್ಲೀನರ್. ತುಳಸಿ ಕಟ್ಟೆಯ ದೀಪ ಆರಿದ ಮೇಲೆಯೇ ಡಬ್ಬಿ ತೆರೆಯುವುದು. ಬ್ರೇಕ್ ಡಿಸ್ಕ್‌ಗೆ ಪ್ಲಾಸ್ಟಿಕ್ ಕವರ್ ಸುತ್ತುತ್ತೇನೆ. ಎಣ್ಣೆಯ ಒಂದು ಹನಿ ಡಿಸ್ಕ್‌ಗೆ ಸಿಡಿದರೂ ಮರುದಿನ ಬ್ರೇಕ್ ಹಿಡಿಯದೆ ಹೋಗಬಹುದು. ಒಣಗಿದ ಮೇಲೆ 90 ನಂಬರ್ ಗೇರ್ ಆಯಿಲ್ ಅನ್ನು ಚೈನ್‌ನ ಒಳಮೈಗೆ ಹನಿ ಹನಿಯಾಗಿ ಬಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಹೊರಗಿನದ್ದನ್ನು ಒರೆಸಿ ತೆಗೆಯುತ್ತೇನೆ.

ಚಕ್ರ ಗಾಳಿಯಲ್ಲಿದ್ದಾಗ ಇನ್ನೂ ಏನೇನೋ ಗೊತ್ತಾಗುತ್ತದೆ. ಟೈರ್‌ನ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲುಗಾಡಿಸಿದೆ. ಟಕ್ ಟಕ್ ಅಂದರೆ ಬೇರಿಂಗ್ ಸವೆದಿದೆ ಅಂತ. ನನ್ನದರಲ್ಲಿ ಸದ್ದಿಲ್ಲ. ಆದರೆ ಚಕ್ರ ನಿಧಾನವಾಗಿ ತಿರುಗಿಸುವಾಗ ಚೈನ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಕಂಡಿತು. ಬಿಗಿಯಾದ ಜಾಗಕ್ಕೆ ಬಳಪದಲ್ಲಿ ಗೆರೆ ಎಳೆದೆ. ಮತ್ತೆ ಮತ್ತೆ ತಿರುಗಿಸಿದರೂ ಅದೇ ಗೆರೆ ಬಂದಾಗ ಬಿಗಿ. ಅಂದರೆ ಚೈನ್ ಸಮನಾಗಿ ಸವೆದಿಲ್ಲ. ಚೈನ್ ಬಿಗಿಯನ್ನು ಯಾವಾಗಲೂ ಅತಿ ಬಿಗಿಯಾದ ಜಾಗದಲ್ಲೇ ಅಳೆಯಬೇಕು. ಇಲ್ಲದಿದ್ದರೆ ಒಬ್ಬರನ್ನು ಹಿಂದೆ ಕೂರಿಸಿದಾಗ ಅದು ಎಳೆದು ಗೇರ್ ಬಾಕ್ಸ್ ಬೇರಿಂಗ್‌ಗೆ ಪೆಟ್ಟು.

ಇಳಿಸುವಾಗ ಅವಸರ ಬೇಡ. ಮತ್ತೆ ತಮ್ಮ ಎಡಗಡೆಗೆ ಬರಬೇಕು, ಸೈಡ್ ಸ್ಟ್ಯಾಂಡ್ ಪೂರ್ತಿ ಮುಂದಕ್ಕೆ ಬಂದಿದೆಯಾ ಅಂತ ಇಬ್ಬರೂ ನೋಡಬೇಕು, ಆಮೇಲೆ ಬೆಣೆ ಮತ್ತು ಟ್ಯೂಬ್ ತೆಗೆದು ಹಿಡಿಯನ್ನು ಕೈಬಿಡದೆ ಮೇಲಕ್ಕೆ ಬಿಡಬೇಕು.

ಮುಂದಿನ ಚಕ್ರ

ತೊಳೆಯಲಿಕ್ಕೆ ಮುಂದಿನ ಚಕ್ರ ಎತ್ತುವ ಅಗತ್ಯ ನನಗೆ ಕಾಣಲಿಲ್ಲ. ಅಲ್ಲಿ ಚೈನ್ ಇಲ್ಲ. ಅರ್ಧ ರಿಮ್ ತೊಳೆದು, ಬೈಕನ್ನು ಅರ್ಧ ಸುತ್ತು ತಳ್ಳಿ, ಉಳಿದರ್ಧ ತೊಳೆದರೆ ಆಯಿತು. ಪೋರ್ಟಿಕೋದಲ್ಲಿ ಅಷ್ಟು ಜಾಗ ಇದ್ದೇ ಇದೆ. ಎತ್ತಲೇಬೇಕಾದವರು ಮೊದಲು ಹಿಂದಿನದನ್ನು ಸ್ಟ್ಯಾಂಡ್‌ಗೆ ಏರಿಸಿ, ಆಮೇಲೆ ಮುಂದಿನದು. ಇಳಿಸುವಾಗ ಮೊದಲು ಮುಂದಿನದು. ಹಿಂಬದಿ ಭದ್ರವಿಲ್ಲದೆ ಮುಂಬದಿ ಎತ್ತಿದರೆ ಬೈಕ್‌ಗೆ ಪಕ್ಕದ ಆಸರೆಯೇ ಇರುವುದಿಲ್ಲ.

ಉಳಿದಿರುವ ಕೆಲಸ

ಕೊಕ್ಕೆಗೆ ರಬ್ಬರ್ ಹಾಸು ಅಂಟಿಸಬೇಕು, ಬಾಬಿನ್ ಗೀಚುತ್ತಿದೆ. ಮರದ ಬೆಣೆ ಮಳೆಗೆ ನೆನೆದು ಊದಿದೆ, ಹಲಸಿನ ಮರದ್ದೊಂದು ಮಾಡಿಸುತ್ತೇನೆ. ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಿಸುವುದು ಅಂತ ತೀರ್ಮಾನ ಮಾಡಿದ್ದೇನೆ, ದಸರೆಗೆ ಮುಂಚೆ. ಮುಂದಿನ ಫೋರ್ಕ್‌ನ ಎಡಗಾಲಿನಲ್ಲಿ ಆಯಿಲ್ ಸೀಲ್ ಹತ್ತಿರ ತೆಳ್ಳಗೆ ಎಣ್ಣೆ ಪಸೆ ಕಂಡಿದೆ. ಆ ಕೆಲಸಕ್ಕೆ ಮುಂದಿನ ಚಕ್ರ ಎತ್ತಲೇಬೇಕು, ಫೋರ್ಕ್ ಅಡಿಗೆ ಕೊಡುವ ಸ್ಟ್ಯಾಂಡ್ ಆಗುವುದಿಲ್ಲ. ಹ್ಯಾಂಡಲ್‌ನ ಬುಡದ ತೂತಿಗೆ ಪಿನ್ ಕೂರಿಸುವ ಸ್ಟ್ಯಾಂಡ್ ಬೇಕು. ಅದನ್ನು ಮಾಡಿಸುವುದಿಲ್ಲ, ಕೊಂಡೇ ತರುತ್ತೇನೆ. ತೂತಿನ ಒಳಅಳತೆಯನ್ನು ವರ್ನಿಯರ್‌ನಲ್ಲಿ ತೆಗೆದು ಬರೆದಿಟ್ಟುಕೊಂಡಿದ್ದೇನೆ.