ನಲಿ-ಕಲಿ ಕೊಠಡಿಯ ವಾರ: ಹತ್ತಕ್ಷರದ ಪುಸ್ತಕ, ನಗದ ಅರಸ

ಹತ್ತೇ ಅಕ್ಷರ ಬಳಸಿ ಒಂದನೇ ತರಗತಿಯವರಿಗೆ ಓದಲು ಪುಟ್ಟ ಪುಸ್ತಕ ಮಾಡಬೇಕೆಂಬ ಕೆಲಸ ಈ ವಾರ ಒಂದು ಹಂತಕ್ಕೆ ಬಂತು.

ನಮ್ಮದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ, ಒಂದೊಂದು ಗುಂಪಿನ ಜಾಗ ಗುರುತಿಸುವ ತಟ್ಟೆಗಳ ಸುತ್ತ ನೆಲದ ಮೇಲೆ ಕೂತು ಕಲಿಯುತ್ತಾರೆ. ಇಲ್ಲಿ ಓದು ಶುರುವಾಗುವುದು ರ, ಗ, ಸ, ದ, ಅ ಅಕ್ಷರಗಳಿಂದ. ಆಮೇಲೆ ಜ, ವ, ಮ, ಬ, ನ. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿ ನೋಡಿಬಂದು 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುಮಾಡಿದ ನಲಿ-ಕಲಿ ಪದ್ಧತಿ ಇದು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಇಷ್ಟು ವರ್ಷವಾದರೂ ‘ಮಿಸ್, ನಮ್ ಹುಡುಗಂಗೆ ಅ ಆ ಇ ಈ ಬರಲ್ವಲ್ಲ’ ಎಂದು ಅಜ್ಜಂದಿರು ಬಾಗಿಲಲ್ಲಿ ನಿಂತು ಕೇಳುವುದು ತಪ್ಪಿಲ್ಲ. ಅವರ ಕಳವಳ ನನಗೆ ಅರ್ಥವಾಗುತ್ತದೆ. ಆದರೆ ಮೊದಲ ಐದು ಅಕ್ಷರ ಕಲಿತ ಮಗು ಅದೇ ಐದರಲ್ಲಿ ಸರ, ಅರಸ, ಅಗಸ, ಗರಗಸ ಓದುತ್ತದೆ. ಅ ಆ ಇ ಈ ಉ ಕಲಿತ ಮಗುವಿಗೆ ಓದಲು ಏನು ಕೊಡೋಣ?

ಸೋಮವಾರ. ಎರಡನೇ ಗುಂಪಿನ ಅಕ್ಷರ ಮುಗಿಸಿದವರಿಗೆ ಪದದ ಕಾರ್ಡುಗಳನ್ನು ಕೊಟ್ಟೆ. ಮರ, ವನ, ಜನ, ದನ, ನಗರ. ಸರಾಗವಾಗಿ ಓದಿದರು, ಕಾರ್ಡು ಕೆಳಗಿಟ್ಟರು, ಅಷ್ಟೇ. ಅವರು ಓದಿದ್ದು ಪಟ್ಟಿ. ಪಟ್ಟಿಯಲ್ಲಿ ‘ಆಮೇಲೇನಾಯ್ತು’ ಎಂದು ಕೇಳುವಂಥದ್ದೇನೂ ಇರುವುದಿಲ್ಲ.

ಮಂಗಳವಾರ ದಾರಿ ಸಿಕ್ಕಿತು. ‘ನ’ ಮತ್ತು ‘ದ’ ಬರಿಯ ಅಕ್ಷರಗಳಲ್ಲ, ವಿಭಕ್ತಿಯೂ ಹೌದು! ಅರಸನ ಮಗ, ಬಸವನ ದನ, ನಗರದ ಜನ, ವನದ ಮರ. ಕಾಗುಣಿತದ ಗೊಡವೆಯೇ ಇಲ್ಲದೆ ಒಂದು ಪದ ಇನ್ನೊಂದರ ಕೈಹಿಡಿಯುತ್ತದೆ. ಗೆಳೆಯರ ನೆರವಿನ ತಟ್ಟೆಯಲ್ಲಿ ಮೂರನೇ ತರಗತಿಯ ಹುಡುಗಿಯೊಬ್ಬಳು ಇದನ್ನು ನನಗಿಂತ ಚೆನ್ನಾಗಿ ಹೇಳಿಕೊಟ್ಟಳು. ‘ಅರಸನ’ ಎಂದು ಬರೆದಿದ್ದ ಕಾಗದದ ಪಟ್ಟಿಯ ಕೊನೆಯ ಅಕ್ಷರವನ್ನು ಹೆಬ್ಬೆರಳಿನಿಂದ ಮುಚ್ಚಿಟ್ಟು, ‘ಇಷ್ಟು ಓದು’ ಅಂದಳು. ಪುಟ್ಟವನು ‘ಅರಸ’ ಅಂದ. ಬೆರಳು ತೆಗೆದಳು. ‘ಅರಸ... ನ. ಅರಸನ! ಅರಸನ ಏನು?’ ಆ ‘ಏನು’ ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ. ಮುಂದಿನ ಪಟ್ಟಿಯನ್ನು ಅವನೇ ಎಳೆದುಕೊಂಡ.

ಬುಧವಾರ ಹೆಚ್ಚು ಹೊತ್ತು ಗಣಿತಕ್ಕೇ ಹೋಯಿತು. ಹುಣಸೆ ಬೀಜ ಎಣಿಸಿದ್ದು, ಕಡ್ಡಿಗಳನ್ನು ಹತ್ತರ ಕಟ್ಟು ಮಾಡಿದ್ದು.

ಗುರುವಾರ ಪುಸ್ತಕದ ಪುಟ ಜೋಡಿಸಲು ಕೂತಾಗ ಕ್ರಿಯಾಪದದ ಹತ್ತಿರ ಕೆಲಸ ನಿಂತಿತು. ‘ಬಂದ’ ಎನ್ನಲು ಅನುಸ್ವಾರ ಬೇಕು, ‘ಹೋದ’ ಎನ್ನಲು ಓಕಾರ ಬೇಕು. ಕಾರ್ಡುಗಳನ್ನು ಅತ್ತಿತ್ತ ಸರಿಸುತ್ತ ‘ನ, ಗ, ದ’ ಪಕ್ಕಪಕ್ಕ ಬಂದಾಗ ಹೊಳೆಯಿತು: ನಗದ, ಅಂದರೆ ನಗುವುದೇ ಇಲ್ಲದ. ನಗದ ಅರಸ! ಇಡೀ ಕಥೆ ಆ ಎರಡೇ ಪದದಲ್ಲಿದೆ. ಸಂಜೆಯೊಳಗೆ ಪುಟಗಳು ಹೀಗಾದವು:

ಅರಸ. ನಗದ ಅರಸ.
ಅರಸನ ನಗರ. ನಗರದ ಜನ.
ಅರಸನ ಗಜ. ಗಜದ ಅವಸರ.
ಅರಸನ ಮಗ. ಮಗನ ಸರ.

ಶುಕ್ರವಾರ ಹಾಲು ಕುಡಿದಾದ ಮೇಲೆ ಓದಿಸಿದೆ. ಎರಡನೇ ಪದಕ್ಕೇ ಗಲಾಟೆ ಎದ್ದಿತು. ಯಾಕೆ ನಗಲ್ಲ ಮಿಸ್? ‘ಹಲ್ಲು ಬಿದ್ದಿರತ್ತೆ’ ಅಂದಳು, ಮುಂದಿನ ಹಲ್ಲಿಲ್ಲದ ಎರಡನೇ ತರಗತಿಯವಳು. ‘ಮಗ ಸರ ಕಳೆದುಬಿಟ್ಟಿದಾನೆ, ಅದಕ್ಕೇ ಆನೆ ಹುಡುಕೋಕೆ ಹೋಗ್ತಿದೆ’ ಅಂದ ಇನ್ನೊಬ್ಬ. ನಾನು ಬರೆದದ್ದು ಬಿಡಿ ಪದಗಳು. ನಡುವಿನ ಕಥೆಯನ್ನೆಲ್ಲ ಕಟ್ಟಿದವರು ಅವರು. ಆರು ವರ್ಷದ ಮಕ್ಕಳಿಗೆ ಓದು ಬರುವುದಿಲ್ಲ ಎನ್ನುವ ಮೊದಲು, ಓದಿದ ಮೇಲೆ ಕೇಳುವುದಕ್ಕೆ ಏನಾದರೂ ಉಳಿಯುವಂಥದ್ದನ್ನು ಅವರ ಕೈಗೆ ಕೊಟ್ಟಿದ್ದೇವೆಯೇ ಎಂದು ನೋಡಬೇಕು.

ಶನಿವಾರ ಬೆಳಗಿನ ಶಾಲೆ. ಚಿತ್ರ ಬರೆದರು, ಒಣಗಿದ ಹಾಳೆಗಳನ್ನು ತಲೆಯ ಮೇಲಿನ ಚಪ್ಪರದ ದಾರಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟೆವು. ಹೆಚ್ಚಿನವರು ಇಡೀ ಪುಸ್ತಕವನ್ನು ತಾವೇ ಓದುತ್ತಾರೆ. ಕೆಲವರಿಗೆ ವ ಮತ್ತು ಮ ಇನ್ನೂ ಅದಲುಬದಲಾಗುತ್ತಿವೆ, ‘ಮನ’ ಹೋಗಿ ‘ವನ’ ಆಗುತ್ತದೆ. ಅವರಿಗೆ ಗೋಡೆಯ ಕೆಳಗಿನ ಕರಿಹಲಗೆಯ ಮೇಲೆ ಎರಡನ್ನೂ ದೊಡ್ಡದಾಗಿ ಬರೆದು ತಿದ್ದಿಸುತ್ತಿದ್ದೇನೆ, ಮ ಅಕ್ಷರದ ಕೊನೆಯ ಸುಳಿಯಲ್ಲಿ ಸೀಮೆಸುಣ್ಣ ನಿಧಾನ ಮಾಡಿ.

ಎರಡನೇ ಭಾಗ ಬೇಕೆಂದು ಹಟ ಶುರುವಾಗಿದೆ, ಅದರಲ್ಲಿ ಅರಸ ನಗಲೇಬೇಕಂತೆ. ‘ನಗುವ’ ಎಂದು ಬರೆಯಲು ಕೊಂಬು ಬೇಕು, ನಮ್ಮ ಕಲಿಕೆಯ ಹಂತಗಳ ಏಣಿಯಲ್ಲಿ ಅದು ಇನ್ನೂ ಮೇಲಿದೆ. ಅಲ್ಲಿಯವರೆಗೆ ಪ, ಟ, ಚ ಬಂದರೆ ಚಟಪಟ, ಪಟಪಟ ಎಂದು ನಗರದಲ್ಲೆಲ್ಲ ಸದ್ದು ಮಾಡಿಸಬಹುದು. ಸೋಮವಾರಕ್ಕೆ ಆ ಪಟ್ಟಿಗಳನ್ನು ಕತ್ತರಿಸಿಡಬೇಕು.