ಮಾವಿನಹಣ್ಣಿನ ತಂಗಿ

ರಜೆಯಲ್ಲಿ ಗೋಕಾಕದ ಅಜ್ಜಿಯ ಮನೆಯಲ್ಲಿ ಮಗಳು ಕೂಡಿಸಿಟ್ಟಿದ್ದ ಕಟ್ಟಿಗೆಯಲ್ಲಿ ಮಾಡಿ ಬಣ್ಣ ಹಚ್ಚಿದ ಆಟದ ಹಣ್ಣುಗಳು ಮತ್ತು ಘಟಪ್ರಭೆಯ ದಂಡೆಯ ಒಂದು ನುಣುಪು ಕಲ್ಲು, ಗುಳೇದಗುಡ್ಡದ ಖಣದಲ್ಲಿ ಹೊಲಿದ ಚೀಲದ ಸಮೇತ, ಬೆಳಗಾವಿಗೆ ಮರಳುವ ಬಸ್ಸಿನಲ್ಲಿ ಕಳೆದುಹೋದವು. ಹಣ್ಣುಗಳು ಮತ್ತೆ ಸಿಗುವುದೇನೂ ಕಷ್ಟವಾಗಲಿಲ್ಲ. ಗೋಕಾಕ ಕರದಂಟಿಗೆ ಹೆಸರಾದಂತೆ ಈ ಆಟಿಗೆಗಳಿಗೂ ಹೆಸರಾದ ಊರು, ಅತ್ತೆಯವರು ಎರಡನ್ನೂ ಒಂದೇ ಡಬ್ಬಿಯಲ್ಲಿ ಕಳಿಸಿದರು. ಆದರೆ ಹಳೆಯ ಮಾವಿನಹಣ್ಣಿನ ತೊಟ್ಟಿನ ಬಳಿ ಬಣ್ಣ ಎದ್ದು ಬಿಳಿಯ ಕಟ್ಟಿಗೆ ಕಾಣುತ್ತಿತ್ತು, ಹೊಸದು ಬಣ್ಣದ ವಾಸನೆ ಬೀರುತ್ತಾ ಮಿರುಗುತ್ತಿತ್ತು. ಅದನ್ನೂ ಅಲ್ಲೇ ಕೆರೆದು ಹಳೆಯದೆಂದು ಕೊಡೋಣವೆಂದು ನಮ್ಮ ಯಜಮಾನರು ಸೂಚಿಸಿದರು. ಪ್ರತಿಯೊಂದು ಗೀರನ್ನೂ ಬಲ್ಲ ಮಗುವಿನ ಮುಂದೆ ಆ ಜಾಣತನ ನಡೆಯಲಾರದೆಂದು ನಾನು ಒಪ್ಪಲಿಲ್ಲ. ಡಬ್ಬಿಯೊಳಗೆ ಅತ್ತೆಯವರದೇ ಅಕ್ಷರದ ಒಂದು ಚೀಟಿಯಿತ್ತು: "ಇವು ಅವುಗಳ ತಂಗ್ಯಾರವ್ವಾ, ಅಕ್ಕಗೋಳ್ನ ಹುಡುಕ್ಕೋತ ಬಂದಾವ." ಸುಳ್ಳನ್ನು ಇಷ್ಟು ಮರ್ಯಾದೆಯಿಂದ ಹೇಳುವುದು ಅಜ್ಜಿಯರಿಗೆ ಮಾತ್ರ ಸಾಧ್ಯವೇನೋ. ಮಗಳು ಚೀಟಿಯನ್ನು ಪೂರ್ತಿ ನಂಬಿದಳೆಂದು ಹೇಳಲಾರೆ; ಆದರೂ ಕಲ್ಲಿನ ತಂಗಿಯನ್ನು ಕಳಿಸಿಕೊಡೆಂದು ಘಟಪ್ರಭೆಗೇ ಒಂದು ಕಾಗದ ಬರೆದಿದ್ದಾಳೆ, ಅದಕ್ಕೆ ಯಾವ ಪಿನ್‌ಕೋಡ್ ಹಾಕಬೇಕೆಂಬ ಚರ್ಚೆ ಮನೆಯಲ್ಲಿ ಇನ್ನೂ ಮುಗಿದಿಲ್ಲ.