ಸ್ಕಾಟ್ಲೆಂಡಿನ ಮೂಲ ಹುಡುಕುವವರು ಮೊದಲು ತಾಯಿಯ ತವರು ಹಿಡಿಯಿರಿ

ಸ್ಕಾಟ್ಲೆಂಡಿನ ಪೂರ್ವಿಕರನ್ನು ಹುಡುಕಲು ಕೂತವರಲ್ಲಿ ಬಹಳ ಮಂದಿ ಮೊದಲು ಮಾಡುವ ಕೆಲಸ ಅಡ್ಡಹೆಸರನ್ನು ಗೂಗಲ್‌ಗೆ ಹಾಕಿ, ನಮ್ಮದು ಯಾವ ಕ್ಲ್ಯಾನ್ (ಕುಲ), ಯಾವ ಟಾರ್ಟನ್ (ಕುಲದ ಗುರುತಿನ ಚೌಕಳಿ ಬಟ್ಟೆ) ಎಂದು ನೋಡುವುದು. ಅದರಿಂದ ಒಂದು ಶಾಲು ಕೊಳ್ಳಬಹುದು, ಮುತ್ತಜ್ಜ ಸಿಗುವುದಿಲ್ಲ. ಕ್ಲ್ಯಾನ್ ಮುಖ್ಯಸ್ಥನ ನೆಲದಲ್ಲಿ ಗೇಣಿಗಿದ್ದವರು ಅವನ ಹೆಸರನ್ನೇ ಇಟ್ಟುಕೊಂಡದ್ದುಂಟು. 1603ರಲ್ಲಿ ಮ್ಯಾಕ್‌ಗ್ರೆಗರ್ ಎಂಬ ಹೆಸರಿಗೇ ನಿಷೇಧ ಬಿದ್ದಾಗ ಆ ಮನೆತನದವರು ಕ್ಯಾಂಪ್‌ಬೆಲ್, ಡ್ರಮಂಡ್, ಗ್ರಾಂಟ್ ಎಂದೆಲ್ಲ ಬದಲಾದರು. ನಿಷೇಧ ಪೂರ್ತಿ ತೆರವಾದದ್ದು 1774ರಲ್ಲಿ. ಹಿಡಿಯಬೇಕಾದ ಎಳೆಗಳು ಬೇರೆ: ತಾಯಿಯ ತವರಿನ ಅಡ್ಡಹೆಸರು ಮತ್ತು ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ. ಈ ಎರಡರ ವಿಷಯದಲ್ಲಿ ಸ್ಕಾಟ್ಲೆಂಡಿನ ದಾಖಲೆಗಳಷ್ಟು ಧಾರಾಳವಾದವು ಕಡಿಮೆ.

ಸರ್ಕಾರಿ ನೋಂದಣಿ ಅಲ್ಲಿ ಶುರುವಾದದ್ದು 1855ರ ಜನವರಿ 1ರಂದು. ಇಂಗ್ಲೆಂಡಿಗಿಂತ ಹದಿನೆಂಟು ವರ್ಷ ತಡ, ಆದರೆ ತುಂಬಿದ ವಿವರ ಎಷ್ಟೋ ಹೆಚ್ಚು. ಮರಣದ ದಾಖಲೆಯಲ್ಲಿ ಸತ್ತವರ ತಂದೆಯ ಹೆಸರು, ತಾಯಿಯ ಹೆಸರು, ಆಕೆಯ ತವರಿನ ಅಡ್ಡಹೆಸರು ಇರುತ್ತವೆ. ಮದುವೆಯ ದಾಖಲೆಯಲ್ಲಿ ಎರಡೂ ಕಡೆಯ ತಂದೆತಾಯಿ. ಜನನದ ದಾಖಲೆಯಲ್ಲಿ ತಂದೆತಾಯಿಯ ಮದುವೆ ಯಾವಾಗ, ಎಲ್ಲಿ ಆಯಿತು ಎಂಬುದೂ ಇರುತ್ತದೆ. ಇದಕ್ಕೊಂದು ಅಪವಾದ: 1856ರಿಂದ 1860ರವರೆಗಿನ ಜನನಗಳಲ್ಲಿ ಮದುವೆಯ ವಿವರ ಕೈಬಿಟ್ಟಿದ್ದಾರೆ. ನಿಮ್ಮ ಅಜ್ಜಿ 1858ರಲ್ಲಿ ಹುಟ್ಟಿದ್ದರೆ ಆಕೆಯ ದಾಖಲೆಗೆ ಕೊಡುವ ದುಡ್ಡನ್ನು 1861ರ ನಂತರ ಹುಟ್ಟಿದ ತಂಗಿಯದೋ ತಮ್ಮನದೋ ದಾಖಲೆಗೆ ಕೊಡಿ. ಐರ್ಲೆಂಡಿನಿಂದ ಗ್ಲಾಸ್ಗೋಗೆ ಬಂದ ಕುಟುಂಬಗಳಿಗೆ ಜನನದ ದಾಖಲೆಯಲ್ಲಿರುವ ಈ ಮದುವೆಯ ವಿವರ ಬಲು ಉಪಯುಕ್ತ. ಅಲ್ಲಿ ನಡೆದ ಮದುವೆಯ ತಾರೀಖು ಇಲ್ಲಿ ಮಗುವಿನ ಜನನದಲ್ಲಿ ಸಿಗುತ್ತದೆ.

1855 ಒಂದೇ ವರ್ಷ ತುಂಬಿದ ನಮೂನೆ ಇನ್ನೂ ದೊಡ್ಡದು. ತಂದೆತಾಯಿಯ ವಯಸ್ಸು, ಅವರು ಹುಟ್ಟಿದ ಊರು, ಇತರ ಮಕ್ಕಳ ವಿವರ ಎಲ್ಲ ಕೇಳುತ್ತಿದ್ದರು. ನೋಂದಣಿದಾರರಿಗೆ ಬರೆದು ಸಾಕಾಗಿರಬೇಕು, ಮರುವರ್ಷವೇ ಬಹುಪಾಲು ಕಳಚಿಹೋಯಿತು. ನಿಮ್ಮ ವಂಶದಲ್ಲಿ ಯಾರಾದರೂ 1855ರಲ್ಲಿ ಹುಟ್ಟಿದ್ದರೆ, ಮದುವೆಯಾಗಿದ್ದರೆ, ತೀರಿಕೊಂಡಿದ್ದರೆ ಮೊದಲು ಅದನ್ನೇ ತೆಗೆಯಿರಿ. ನೇರ ಪೂರ್ವಿಕರೇ ಆಗಬೇಕೆಂದಿಲ್ಲ. ಅವರು 1840ರಲ್ಲೇ ಸತ್ತಿದ್ದರೂ ಅವರ ಅಣ್ಣನೋ ಅಕ್ಕನೋ 1860ರವರೆಗೆ ಬದುಕಿದ್ದರೆ, ಆ ಮರಣದ ದಾಖಲೆಯಲ್ಲಿ ಅದೇ ತಂದೆತಾಯಿಯ ಹೆಸರಿರುತ್ತದೆ. ಎಂಬತ್ತು ತುಂಬಿ 1856ರಲ್ಲಿ ಸತ್ತ ಒಬ್ಬ ಮುದುಕಿ ನಿಮ್ಮನ್ನು ಒಂದೇ ಹಾಳೆಯಲ್ಲಿ 1770ರ ದಶಕಕ್ಕೆ ಒಯ್ಯುತ್ತಾಳೆ.

ಆದರೆ ಮರಣದ ದಾಖಲೆಯನ್ನು ಸತ್ತವರು ಬರೆಸಿದ್ದಲ್ಲ! ಮಾಹಿತಿ ಕೊಟ್ಟವರು ಯಾರೆಂದು ಕೆಳಗೆ ನೋಡಿ. ಮಗಳಾದರೆ ಪರವಾಗಿಲ್ಲ. ಅಳಿಯ ಅಥವಾ ಪಕ್ಕದ ಮನೆಯವರಾದರೆ ಅಜ್ಜಿಯ ತವರು ಅವರಿಗೆ ಗೊತ್ತಿರಬೇಕೆಂದಿಲ್ಲ, ಬಾಯಿಗೆ ಬಂದ ಹೆಸರು ಹೇಳಿರಬಹುದು. ಮದುವೆಯ ದಾಖಲೆಗೂ ಮರಣದ ದಾಖಲೆಗೂ ತಾಳೆಯಾಗದಿದ್ದರೆ ಮದುವೆಯದನ್ನು ನಂಬಿ. ಅಲ್ಲಿ ಅವರವರ ತಂದೆತಾಯಿಯ ಹೆಸರನ್ನು ಅವರವರೇ ಹೇಳಿರುತ್ತಾರೆ.

ಇವೆಲ್ಲ ಇರುವುದು ಸ್ಕಾಟ್ಲೆಂಡಿನ ರಾಷ್ಟ್ರೀಯ ದಾಖಲೆ ಇಲಾಖೆಯ ‘ಸ್ಕಾಟ್ಲೆಂಡ್ಸ್‌ಪೀಪಲ್’ ಜಾಲತಾಣದಲ್ಲಿ. ಹೆಸರು ನೋಂದಾಯಿಸಿಕೊಂಡರೆ ಸೂಚಿಯಲ್ಲಿ ಹುಡುಕುವುದು ಉಚಿತ, ಪುಟದ ಚಿತ್ರಕ್ಕೆ ಕ್ರೆಡಿಟ್ ಕೊಡಬೇಕು. 30 ಕ್ರೆಡಿಟ್‌ಗೆ 7.50 ಪೌಂಡ್, ಜನನ ಮರಣ ಮದುವೆ ಜನಗಣತಿಯ ಒಂದು ಚಿತ್ರಕ್ಕೆ 6 ಕ್ರೆಡಿಟ್. ದರ ಬದಲಾಗಬಹುದು, ಕೊಳ್ಳುವ ಮುನ್ನ ನೋಡಿಕೊಳ್ಳಿ. ದುಡ್ಡು ಪೋಲಾಗುವುದು ಒಂದೇ ಹೆಸರಿನವರಿಂದ. ವರ್ಷದ ಅಂತರವನ್ನು ಕಿರಿದು ಮಾಡಿ, ಪ್ಯಾರಿಷ್ ಗುರುತಿಸಿ, ಸೂಚಿಯಲ್ಲಿ ಇಬ್ಬರು ಮೂವರು ಉಳಿಯುವವರೆಗೆ ಚಿತ್ರ ತೆರೆಯಬೇಡಿ. ಮದುವೆಯಾದ ಹೆಂಗಸಿನ ಮರಣ ಗಂಡನ ಹೆಸರಿನಲ್ಲೂ ತವರಿನ ಹೆಸರಿನಲ್ಲೂ ಸೂಚಿಯಲ್ಲಿರುತ್ತದೆ; ಎರಡನ್ನೂ ಹೊಂದಿಸಿ ನೋಡಿದರೆ ಜರಡಿ ಹಿಡಿದಂತೆ ಬೇರೆಯವರೆಲ್ಲ ಉದುರುತ್ತಾರೆ. ಜನಗಣತಿಯನ್ನು ಮೊದಲು ‘ಫ್ರೀಸೆನ್’ ಸ್ವಯಂಸೇವಕರ ಉಚಿತ ನಕಲಿನಲ್ಲಿ ಹುಡುಕಿದರೆ ಖರ್ಚು ಉಳಿಯುತ್ತದೆ, ಎಲ್ಲ ಜಿಲ್ಲೆಗಳೂ ಅದರಲ್ಲಿಲ್ಲ ಅಷ್ಟೆ. 1841ರ ಗಣತಿಯಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆದಿರುವುದು ಸಾಮಾನ್ಯ, ಸಂಬಂಧವನ್ನೂ ನಮೂದಿಸಿಲ್ಲ. 1851ರಿಂದ ಹುಟ್ಟಿದ ಪ್ಯಾರಿಷ್ ಬರುತ್ತದೆ.

ಹೆಸರುಗಳ ಕಾಟ ಬೇರೆ. ಪೀಟರ್ ಮತ್ತು ಪ್ಯಾಟ್ರಿಕ್ ಒಬ್ಬನೇ ಆಗಿರಬಹುದು, ಡೊನಾಲ್ಡ್ ಮತ್ತು ಡೇನಿಯಲ್ ಕೂಡ. ಜೀನ್, ಜೇನ್, ಜಾನೆಟ್, ಜೆಸ್ಸಿ ಒಬ್ಬಳೇ ಹೆಂಗಸಿನ ನಾಲ್ಕು ದಾಖಲೆಗಳಲ್ಲಿ ನಾಲ್ಕು ರೂಪ ತಾಳುವುದುಂಟು. ಕ್ರಿಶ್ಚಿಯನ್ ಎಂಬುದು ಅಲ್ಲಿ ಹೆಣ್ಣಿನ ಹೆಸರು. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು, ಮೊದಲ ಮಗಳಿಗೆ ತಾಯಿಯ ತಾಯಿಯದು ಎಂಬ ವಾಡಿಕೆ ಇತ್ತು. ಇದು ಸುಳಿವು ಮಾತ್ರ, ಪುರಾವೆಯಲ್ಲ. ಒಂದು ಮಗು ತೀರಿಕೊಂಡರೆ ಮುಂದಿನದಕ್ಕೆ ಅದೇ ಹೆಸರಿಡುತ್ತಿದ್ದರು ಎಂಬುದನ್ನು ಮರೆತು, ಸತ್ತ ಮಗುವಿನ ಜನನವನ್ನು ಹಿಡಿದು ವಂಶ ಬೆಳೆಸಿದ ಪಟ್ಟಿಗಳು ಲೆಕ್ಕವಿಲ್ಲದಷ್ಟಿವೆ.

1855ಕ್ಕಿಂತ ಹಿಂದೆ ಹೋದರೆ ನೆಲ ಜಾರುತ್ತದೆ. ಉಳಿಯುವುದು ಚರ್ಚ್ ಆಫ್ ಸ್ಕಾಟ್ಲೆಂಡಿನ ಹಳೆಯ ಪ್ಯಾರಿಷ್ ಪುಸ್ತಕಗಳು. ಎಲ್ಲಕ್ಕೂ ಹಳೆಯದು ಪರ್ತ್‌ಶೈರಿನ ಎರಲ್‌ನದು, 1553ರಿಂದ. ಹೈಲ್ಯಾಂಡ್ ಎಂಬ ಉತ್ತರದ ಗುಡ್ಡಗಾಡಿನ ಕೆಲವೆಡೆ 1800ರ ಸುಮಾರಿಗಷ್ಟೇ ಶುರು. ಮದುವೆ ಎಂದು ಕಾಣುವುದು ಹೆಚ್ಚಾಗಿ ಮದುವೆಗೆ ಮುಂಚೆ ಚರ್ಚಿನಲ್ಲಿ ಓದುವ ಮದುವೆಯ ಘೋಷಣೆ. ವಧು ಬೇರೆ ಪ್ಯಾರಿಷ್‌ನವಳಾದರೆ ಎರಡೂ ಕಡೆ ಬರೆದಿರುತ್ತಾರೆ, ತಾರೀಖು ಒಂದೇ ಇರಬೇಕೆಂದಿಲ್ಲ. ಮಣ್ಣು ಮಾಡಿದ ದಾಖಲೆ ಅಪರೂಪ. 1783ರಿಂದ 1794ರವರೆಗೆ ಪ್ರತಿ ನಮೂದಿಗೆ 3 ಪೆನ್ಸ್ ತೆರಿಗೆ ಇತ್ತು, ಬಡವರು ಬರೆಸದೆ ಬಿಟ್ಟದ್ದು ಸಹಜ. 1843ರಲ್ಲಿ ಚರ್ಚ್ ಒಡೆದು ಫ್ರೀ ಚರ್ಚ್ ಹುಟ್ಟಿದ ಮೇಲೆ ಆ ಕುಟುಂಬಗಳು ಈ ಪುಸ್ತಕಗಳಿಂದ ಮಾಯವಾದವು. ಆಗ ಕರ್ಕ್ ಸೆಷನ್ ಎಂಬ ಚರ್ಚ್ ಪಂಚಾಯಿತಿಯ ನಡಾವಳಿ ನೋಡಬೇಕು. ಮದುವೆಯಿಲ್ಲದೆ ಮಗು ಹುಟ್ಟಿದರೆ ತಾಯಿಯನ್ನು ಕರೆದು ತಂದೆ ಯಾರೆಂದು ಕೇಳುತ್ತಿದ್ದರು, ಉತ್ತರವನ್ನು ಬರೆದಿಡುತ್ತಿದ್ದರು. ಮರ್ಯಾದೆ ಕಳೆಯಲೆಂದೇ ಬರೆದ ಆ ಸಾಲುಗಳು ಇವತ್ತು ಬೇರೆಲ್ಲೂ ಸಿಗದ ಪಿತೃತ್ವದ ದಾಖಲೆ. ಇವಕ್ಕೆ ಹೆಸರಿನ ಸೂಚಿ ಬಹುಮಟ್ಟಿಗೆ ಇಲ್ಲ, ಪುಟ ತಿರುವುತ್ತಾ ಹೋಗಬೇಕು.

ವಲಸೆ ಹೋದವರ ವಿಷಯದಲ್ಲಿ ಸ್ಕಾಟ್ಲೆಂಡಿನಲ್ಲಿ ಹುಡುಕುವ ಮೊದಲು ಅವರು ಇಳಿದ ದೇಶದ ದಾಖಲೆ ಮುಗಿಸಿ. ಬ್ರಿಟನ್ ಬಿಟ್ಟು ಹೊರಟವರ ಹಡಗುಪಟ್ಟಿಗಳು ಸಾಲಾಗಿ ಉಳಿದಿರುವುದು 1890ರಿಂದೀಚೆಗೆ. ಆಸ್ಟ್ರೇಲಿಯಾದ ವಿಕ್ಟೋರಿಯಾದ ಹಳೆಯ ಮರಣಪತ್ರಗಳು ತಂದೆತಾಯಿ, ಹುಟ್ಟೂರು, ಅಲ್ಲಿಗೆ ಬಂದು ಎಷ್ಟು ವರ್ಷವಾಯಿತು ಎಂಬುದನ್ನೂ ಹೇಳುತ್ತವೆ. ಭಾರತಕ್ಕೆ ಬಂದ ಸೈನಿಕರ, ಕಂಪನಿ ನೌಕರರ ಮಕ್ಕಳ ದೀಕ್ಷಾಸ್ನಾನದ ದಾಖಲೆಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿ ಪ್ರೆಸಿಡೆನ್ಸಿವಾರು ಇವೆ. ಮದ್ರಾಸಿನದು ಎನ್/2 ಸರಣಿ.

ಇನ್ನು ದೂರದ ನೆಂಟರು. ಆನ್‌ಲೈನ್ ವಂಶವೃಕ್ಷದಲ್ಲಿ ನಿಮ್ಮ ಪೂರ್ವಿಕರು ಕಂಡ ಕೂಡಲೇ ನಕಲಿಸಬೇಡಿ. ಪ್ರತಿ ಹೆಸರಿನ ಕೆಳಗೆ ದಾಖಲೆ ಇದೆಯೋ, ಇನ್ನೊಂದು ವೃಕ್ಷವೇ ಆಧಾರವೋ ನೋಡಿ. ಇಪ್ಪತ್ತು ವೃಕ್ಷಗಳು ಒಂದೇ ಮಾತು ಹೇಳಿದರೆ ಅದು ಇಪ್ಪತ್ತು ಸಾಕ್ಷಿಯಲ್ಲ, ಒಂದರ ಹತ್ತೊಂಬತ್ತು ನಕಲು.

ಡಿಎನ್‌ಎ ಪರೀಕ್ಷೆ ಸಹಾಯಕ್ಕೆ ಬರುತ್ತದೆ, ಅದರ ಮಿತಿ ತಿಳಿದಿರಬೇಕು. ಅಜ್ಜನ ಅಜ್ಜಅಜ್ಜಿ ಒಂದೇ ಆದ ಇಬ್ಬರ ನಡುವೆ ಸರಾಸರಿ 75 ಸೆಂಟಿಮಾರ್ಗನ್‌ನಷ್ಟು (ಇದು ಡಿಎನ್‌ಎ ಹೊಂದಿಕೆಯನ್ನು ಅಳೆಯುವ ಮಾನ) ಹೊಂದಿಕೆ ಇರುತ್ತದೆ. ಅಂಥವರಲ್ಲೂ ಹತ್ತರಲ್ಲಿ ಒಂದು ಜೋಡಿಗೆ ಏನೂ ಹೊಂದುವುದಿಲ್ಲ, ಇನ್ನೊಂದು ತಲೆಮಾರು ದೂರವಾದರೆ ಅರ್ಧದಷ್ಟು ಜೋಡಿಗಳಿಗೆ ಸೊನ್ನೆ. ಲೂಯಿಸ್, ಸ್ಕೈಯಂಥ ದ್ವೀಪಗಳಲ್ಲಿ ತೊಂದರೆ ಉಲ್ಟಾ. ಅಲ್ಲಿ ತಲೆಮಾರುಗಟ್ಟಲೆ ಒಳಗೊಳಗೇ ಮದುವೆಯಾದ್ದರಿಂದ ಹತ್ತಾರು ಹಳೆಯ ನಂಟುಗಳು ಕೂಡಿ ಮೊತ್ತ ದೊಡ್ಡದಾಗಿ ಕಾಣುತ್ತದೆ. ಮೊತ್ತದ ಜೊತೆ ಹೊಂದುವ ಡಿಎನ್‌ಎಯ ಅತಿ ಉದ್ದದ ತುಣುಕನ್ನು ನೋಡಿ. ಒಟ್ಟು 60 ಇದ್ದು ಉದ್ದನೆಯದು 10 ಅಷ್ಟೇ ಇದ್ದರೆ ಹತ್ತಿರದ ನೆಂಟಸ್ತನ ಅನುಮಾನ.

ಇಂಥ ನೆಂಟರಿಗೆ ಪತ್ರ ಬರೆಯುವಾಗ ಐದಾರು ಸಾಲು ಸಾಕು. ಇಬ್ಬರಿಗೂ ಸೇರಿದ ದಂಪತಿಯ ಪೂರ್ತಿ ಹೆಸರು, ಮದುವೆಯ ವರ್ಷ, ಪ್ಯಾರಿಷ್, ನೀವು ಅವರ ಯಾವ ಮಗುವಿನ ಕವಲು, ನಿಮ್ಮಲ್ಲಿರುವ ಒಂದು ದಾಖಲೆ, ನಿಮ್ಮದೊಂದೇ ಪ್ರಶ್ನೆ. ‘ನಿಮ್ಮ ವಂಶವೃಕ್ಷ ಕಳಿಸಿ’ ಎಂದು ಬರೆದವರಿಗೆ ಉತ್ತರ ಬರುವುದು ಅಪರೂಪ. ‘ನಿಮ್ಮಲ್ಲಿ ಕುಟುಂಬದ ಬೈಬಲ್ ಇದೆಯೇ, ಅದರ ಮೊದಲ ಪುಟದಲ್ಲಿ ಹೆಸರುಗಳಿವೆಯೇ’ ಎಂದರೆ ಎದ್ದು ಹೋಗಿ ನೋಡುತ್ತಾರೆ. ಬದುಕಿರುವವರ ಹೆಸರು, ಹುಟ್ಟಿದ ದಿನ ಮೊದಲ ಪತ್ರದಲ್ಲಿ ಬೇಡ. ದತ್ತು, ಮದುವೆಯಿಲ್ಲದ ಜನನದಂಥ ಸಂಗತಿಯನ್ನೂ ಅವರಾಗಿ ಕೇಳುವವರೆಗೆ ಎತ್ತಬೇಡಿ.

ಯಾರಿಗೆ ಬರೆಯುವುದೆಂದೇ ತಿಳಿಯದಿದ್ದರೆ ಹಿಂದಕ್ಕಲ್ಲ, ಮುಂದಕ್ಕೆ ಹುಡುಕಬೇಕು. 1911ರ ಗಣತಿಯಲ್ಲಿ ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂದು ಹೆಂಗಸರನ್ನು ಕೇಳಿದ್ದಾರೆ. ನಿಮ್ಮ ಪಟ್ಟಿಯಲ್ಲಿ ತಪ್ಪಿಹೋದ ಕವಲು ಅಲ್ಲಿ ಗೊತ್ತಾಗುತ್ತದೆ. 1921ರದೂ ತೆರೆದಿದೆ. ಅದರಾಚೆಗೆ ಇರುವುದು ಮರಣದ ದಾಖಲೆಗಳೇ, ಮಾಹಿತಿ ಕೊಟ್ಟ ಮಗಳ ಮದುವೆಯ ನಂತರದ ಹೆಸರು ಅಲ್ಲಿ ಸಿಗಬಹುದು. ಜಾಲತಾಣದಲ್ಲಿ ಜನನದ ಚಿತ್ರ ತೆರೆಯುವುದು 100 ವರ್ಷದ ನಂತರ, ಮದುವೆಯದು 75, ಮರಣದ್ದು 50. ಪ್ರತಿ ಜನವರಿಯ ಮೊದಲಿಗೆ ಮೂರರಲ್ಲೂ ಒಂದೊಂದು ವರ್ಷ ಹೊಸದಾಗಿ ಸೇರುತ್ತದೆ, ಕ್ರೆಡಿಟ್ ಉಳಿಸಿಕೊಂಡಿದ್ದರೆ ಆಗ ಬಳಸಿ.